ಎರಡೂ ಎಡತೋಳು

ವರ್ಷದ ಕೊನೆಯ ರಜೆ ಹತ್ತಿರ ಬಂತೆಂದರೆ ಊರಿನವರಿಗೆಲ್ಲ ಎರಡು ಕಾಯಿಲೆ ಹಿಡಿಯುತ್ತವೆ. ಒಂದು, ಎಲ್ಲಿಗಾದರೂ ಹೋಗಲೇಬೇಕು ಎನ್ನುವ ಕಾಯಿಲೆ. ಇನ್ನೊಂದು, ಹೋಗುವಾಗ ಹೊಸ ಬಟ್ಟೆಯಲ್ಲೇ ಹೋಗಬೇಕು ಎನ್ನುವ ಕಾಯಿಲೆ. ಮೊದಲನೆಯದಕ್ಕೆ ಬಸ್ಸು ರೈಲುಗಳಿವೆ. ಎರಡನೆಯದಕ್ಕೆ ಊರಿನ ಒಂದು ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು ಕತ್ತರಿಯಕ್ಕ.

ಕತ್ತರಿಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಕೈಯಲ್ಲಿ ಸದಾ ಕತ್ತರಿ ಇರುತ್ತದೆ ಎನ್ನುವುದು ಅದಕ್ಕೆ ಅರ್ಧ ಕಾರಣ; ಉಳಿದ ಅರ್ಧ ಅವಳ ನಾಲಿಗೆ. "ಸೊಂಟ ಇಷ್ಟೊಂದು ಹೇಗಾಯ್ತು ಅಕ್ಕಾ, ಹೋದ ವರ್ಷ..." ಎಂದು ಯಾರಾದರೂ ರಾಗ ಎಳೆದರೆ, "ಟೇಪು ಸುಳ್ಳು ಹೇಳಲ್ಲ, ಮನೆಯವರು ಹೇಳ್ತಾರೆ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು. ಗಿರಾಕಿಗಳು ಬೈದುಕೊಂಡೇ ಹೋಗುತ್ತಿದ್ದರು, ಮುಂದಿನ ವರ್ಷ ಬಟ್ಟೆ ಹಿಡಿದುಕೊಂಡು ಮತ್ತೆ ಅಲ್ಲಿಗೇ ಬರುತ್ತಿದ್ದರು. ಅವಳು ಹೊಲಿದ ಕೋಟು ಹಾಗೆ ಹೆಗಲ ಮೇಲೆ ಕೂರುತ್ತಿತ್ತು.

ಅವಳು ಹೊಲಿದ ಎನ್ನುವುದು ತಪ್ಪಾಯಿತು. ಅವರು ಹೊಲಿದ ಎನ್ನಬೇಕು. ಹೋದ ವರ್ಷದವರೆಗೆ ಆ ಅಂಗಡಿಯಲ್ಲಿ ಇಬ್ಬರಿದ್ದರು, ಅಕ್ಕ ಮತ್ತು ತಂಗಿ. ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಇಬ್ಬರೂ ಮದುವೆಯಾಗಿರಲಿಲ್ಲ. ಆಗಲಿಲ್ಲ ಎಂದು ಅಳುತ್ತ ಕೂತವರೂ ಅಲ್ಲ. ತಂಗಿಯನ್ನು ಬೀದಿಯವರು ಸೂಜಿ ಎಂದು ಕರೆಯುತ್ತಿದ್ದರು. ಕತ್ತರಿ ಹರಿದುಹಾಕಿದ ಮಾತನ್ನು ಸೂಜಿ ನಗುನಗುತ್ತ ಹೊಲಿದು ಕೊಡುತ್ತಾಳೆ ಎಂದು ಗಿರಾಕಿಗಳ ಲೆಕ್ಕಾಚಾರ. ಬೈಸಿಕೊಳ್ಳಲು ಅಕ್ಕ, ಸಮಾಧಾನಕ್ಕೆ ತಂಗಿ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು.

ಆ ತಂಗಿ, ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾದ ಮೇಲೆ, ಒಬ್ಬ ಬಸ್ ಡ್ರೈವರನ್ನು ಮದುವೆಯಾಗುತ್ತೇನೆ ಎಂದಳು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ, ಮಾತು ಕಡಿಮೆಯ ಮನುಷ್ಯ. ಪ್ಯಾಂಟಿನ ಅಂಚು ಮಡಿಸಿ ಕೊಡಿ ಎಂದು ಅಂಗಡಿಗೆ ಬಂದವನು. ಒಂದೇ ಪ್ಯಾಂಟಿನ ಅಂಚನ್ನು ಒಬ್ಬ ಮನುಷ್ಯ ಎಷ್ಟು ಸಲ ಮಡಿಸಿಕೊಳ್ಳಬಹುದು? ಕತ್ತರಿಯಕ್ಕನಿಗೆ ಅಲ್ಲೇ ವಾಸನೆ ಹತ್ತಬೇಕಿತ್ತು. ಹತ್ತಲಿಲ್ಲ. ಗೊತ್ತಾಗುವ ಹೊತ್ತಿಗೆ ತಂಗಿ ಪೆಟ್ಟಿಗೆ ಕಟ್ಟುತ್ತಿದ್ದಳು.

"ನಾನೇನು ಕೆಲಸ ಬಿಡಲ್ಲ ಅಕ್ಕ. ದಿನಾ ಬಸ್ಸಲ್ಲಿ ಬರ್ತೀನಿ, ಸಂಜೆ ಹೋಗ್ತೀನಿ," ಎಂದಿದ್ದಳು ತಂಗಿ, ಹೊರಡುವ ದಿನ.

"ಏನೂ ಬೇಡ. ಕರೆದಾಗ ಬಾ," ಎಂದಳು ಕತ್ತರಿಯಕ್ಕ.

ಅಷ್ಟೇ ಮಾತು. ಆಮೇಲೆ ಕರೆಯಲಿಲ್ಲ. ಕರೆಯಲು ಬೇಕಾದದ್ದು ಒಂದು ಬಾಯಿ. ಆ ಬಾಯಿಗೆ ಬೀಗ ಜಡಿದವಳೂ ತಾನೇ, ಬೀಗದ ಕೈ ನುಂಗಿದವಳೂ ತಾನೇ. ತಂಗಿಯೂ ಕಡಿಮೆಯವಳಲ್ಲ. ಒಂದೇ ಬಳ್ಳಿಯ ಕಾಯಿ. ಕರೆದಾಗ ಬಾ ಎಂದಳಲ್ಲ, ಕರೆಯಲಿ, ಹೋಗುತ್ತೇನೆ ಎಂದು ಕೂತಳು. ಫೋನಿನಲ್ಲಿ ಮಾತ್ರ ಮಾತಾಡುತ್ತಿದ್ದರು. ಇಬ್ಬರೂ ಚೆನ್ನಾಗಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿ ಇಡುತ್ತಿದ್ದರು. ತಂಗಿಯ ಮನೆ ಹೇಗಿದೆ ಎಂದು ಅಕ್ಕ ಇದುವರೆಗೆ ನೋಡಿರಲಿಲ್ಲ.

ಹೀಗಾಗಿ ಇದು ಕತ್ತರಿಯಕ್ಕ ಒಬ್ಬಳೇ ಎದುರಿಸಿದ ಮೊದಲ ಸೀಸನ್ನು. ಬುದ್ಧಿಯಿದ್ದವರು ಅರ್ಧ ಕೆಲಸ ಒಪ್ಪಿಕೊಳ್ಳುತ್ತಿದ್ದರು. ಇವಳು ಹೋದ ವರ್ಷಕ್ಕಿಂತ ಹೆಚ್ಚು ಒಪ್ಪಿಕೊಂಡಳು. ಜಿಪ್ಪು ಕಿತ್ತುಹೋದ ಚೀಲ ತಂದವರಿಗೂ ಇಲ್ಲ ಎನ್ನಲಿಲ್ಲ. ಊಟ ನಿಂತುಕೊಂಡೇ ಆಗುತ್ತಿತ್ತು. ತಲೆನೋವಿನ ಮಾತ್ರೆಗಳನ್ನು ಗುಂಡಿಗಳ ಡಬ್ಬಿಯಲ್ಲೇ ಹಾಕಿಟ್ಟುಕೊಂಡಿದ್ದಳು. ಒಂದು ದಿನ ಮಾತ್ರೆ ಎಂದುಕೊಂಡು ಬಿಳಿ ಗುಂಡಿಯೊಂದನ್ನು ಬಾಯಿಗೆ ಹಾಕಿ, ನೀರಿನ ಲೋಟ ಎತ್ತಿದ ಮೇಲೆ ನಾಲಿಗೆಗೆ ನಾಲ್ಕು ತೂತು ತಾಕಿ ಉಗಿದಳು. ಇದನ್ನು ಹೇಳಿ ನಗೋಣ ಎಂದು ತಲೆ ಎತ್ತಿದರೆ ಎದುರಿಗಿದ್ದದ್ದು ಕೋಟು ತೊಡಿಸುವ ಗೊಂಬೆ. ಅದಕ್ಕೆ ತಲೆಯೇ ಇರಲಿಲ್ಲ.

ಕೆಲಸದ ಹೊರೆಗೆ ಅವಳು ಹೆದರಿದವಳಲ್ಲ. ಹೆದರಿಕೆ ಇದ್ದದ್ದು ಕೆಲಸ ಮುಗಿಯುವುದಕ್ಕೆ. ರಜೆ ಶುರುವಾದರೆ ಬೀದಿಯ ಷಟರುಗಳೆಲ್ಲ ಕೆಳಗೆ ಬೀಳುತ್ತವೆ. ಎದುರು ಮನೆಯವರು ಪೆಟ್ಟಿಗೆ ಎಳೆದುಕೊಂಡು ಹೋಗುತ್ತಾರೆ. ಮೇಲಿನ ಕೋಣೆಯಲ್ಲಿ ತಂಗಿಯ ಮಂಚ ಖಾಲಿ ಇದೆ, ಅದರ ಮೇಲೆ ಮಡಿಸಿದ ಬಟ್ಟೆ ಇಟ್ಟು ಖಾಲಿಯಲ್ಲ ಎಂದು ಮಾಡಿದ್ದಾಳೆ. ಆ ಕೋಣೆಯಲ್ಲಿ ಇಡೀ ರಜೆ ಒಬ್ಬಳೇ ಹೇಗೆ ಕೂರುವುದು? ಅದಕ್ಕೇ ಇನ್ನೊಂದು ಪ್ಯಾಂಟು, ಇನ್ನೊಂದು ಲಂಗ ಎಂದು ಒಪ್ಪಿಕೊಳ್ಳುತ್ತ ಹೋದಳು.

ಹಾಗಂತ ಯಾರಾದರೂ ಅಯ್ಯೋ ಪಾಪ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಆದ್ದರಿಂದ ಮುಂಚೆಯೇ ಬೇಲಿ ಕಟ್ಟಿಕೊಂಡಳು. ಪಕ್ಕದ ಗುಂಡಿ ಅಂಗಡಿಯವಳು ದಾರ, ಗುಂಡಿ, ಲೇಸು ಮಾರುವವಳು. ಒಳ್ಳೆಯ ಹೆಂಗಸು, ಆದರೆ ಬಾಯಿ ಬಹಳ. "ರಜೆಗೆ ಒಬ್ಬರೇ ಇರ್ತೀರಾ ಅಕ್ಕ? ನಮ್ಮನೆಗೆ ಬನ್ನಿ," ಎಂದು ಕರೆದಳು. "ಇಲ್ಲಮ್ಮ, ತಂಗಿ ಮನೆಗೆ ಹೋಗ್ತಿದ್ದೀನಿ, ಅವಳು ಬಿಡೋ ಹಾಗೇ ಇಲ್ಲ," ಎಂದಳು ಕತ್ತರಿಯಕ್ಕ. ಅದೇ ಸಂಜೆ ತಂಗಿಯ ಫೋನು ಬಂತು.

"ರಜೆಗೆ ಏನು ಮಾಡ್ತೀಯ ಅಕ್ಕ?"

"ಗುಂಡಿ ಅಂಗಡಿಯವಳು ಹಠ ಹಿಡಿದಿದ್ದಾಳೆ. ಅವರ ಮನೆಗೇ ಹೋಗ್ತೀನಿ. ನೀನು?"

"ನಮ್ಮನೇಲಿ ಜನವೋ ಜನ. ಇವರ ಅಣ್ಣನ ಮಕ್ಕಳು, ನನ್ನ ನಾದಿನಿ, ಎಲ್ಲ ಬರ್ತಿದ್ದಾರೆ. ಕಾಲಿಡೋಕೂ ಜಾಗ ಇರಲ್ಲ."

"ಒಳ್ಳೆದಾಯ್ತು ಬಿಡು."

"ಹೂಂ. ಒಳ್ಳೆದಾಯ್ತು."

ಫೋನು ಇಟ್ಟಳು. ಕಾಲಿಡಲು ಜಾಗವಿಲ್ಲದ ಮನೆಯಲ್ಲಿ ತನ್ನನ್ನು ಯಾರು ನೆನೆಯುತ್ತಾರೆ ಎಂದು ಹೊಟ್ಟೆಕಿಚ್ಚೂ ಪಟ್ಟಳು. ಸುಳ್ಳು ಹೇಳಿದವರಿಗೆ ಎದುರಿನವರ ಸುಳ್ಳು ಕೇಳಿಸುವುದಿಲ್ಲ.

ಈ ನಡುವೆ ಬ್ಯಾಂಡಿನ ಮೇಷ್ಟರು ಬಂದು ಒಂದು ಡಜನ್ ಕೋಟು ಒಪ್ಪಿಸಿ ಹೋಗಿದ್ದರು. ರಜೆಯ ಮೊದಲ ಸಂಜೆ ದೊಡ್ಡ ಮೈದಾನದಲ್ಲಿ ಅವರ ತಂಡದ ವಾದ್ಯವಿತ್ತು. ಬಟ್ಟೆ ಕೆಂಪು ಮಖಮಲ್ಲು. ಮಖಮಲ್ಲೆಂದರೆ ಬಟ್ಟೆಗಳಲ್ಲಿ ದೊಡ್ಡಮನೆಯ ಸೊಸೆಯಿದ್ದಂತೆ, ಎಲ್ಲದಕ್ಕೂ ಮುನಿಸು. ಅದರ ಮೇಲಿನ ನವಿರು ಒಂದೇ ದಿಕ್ಕಿಗೆ ಮಲಗಬೇಕು, ಇಲ್ಲದಿದ್ದರೆ ಒಂದು ತೋಳು ಕೆಂಪು, ಇನ್ನೊಂದು ಕಪ್ಪು ಕಾಣುತ್ತದೆ. ಎರಡು ಪದರ ಮಡಿಸಿ ಕತ್ತರಿಸಲು ಹೋದರೆ ಜಾರುತ್ತದೆ. ಒಂದೇ ಪದರ ಹಾಸಿ, ಒಂದೊಂದೇ ತುಂಡು ಕತ್ತರಿಸಬೇಕು. ಒಂದು ಎಡತೋಳು, ಆಮೇಲೆ ತೋಳಿನ ಆಕಾರದ ರಟ್ಟಿನ ಅಚ್ಚನ್ನು ಮಗುಚಿ ಹಾಕಿ ಒಂದು ಬಲತೋಳು.

ಕತ್ತರಿಯಕ್ಕ ಹಲವು ದಿನ ಹಗಲೆಲ್ಲ ಕತ್ತರಿಸಿ, ಮೈ ಹೊಲಿದು, ಒಳಗಡೆ ಅಸ್ತರಿ ಬಟ್ಟೆ ಕೂರಿಸಿದಳು. ತೋಳುಗಳನ್ನು ಜೋಡಿಸಿ ಹೊಲಿದು ಒಂದು ರಾಶಿ ಮಾಡಿಟ್ಟಳು. ಕೊಡಬೇಕಾದ ದಿನಕ್ಕೆ ಒಂದು ದಿನ ಮುಂಚೆ, ಬೆಳಿಗ್ಗೆ ಚಹಾ ಕುಡಿದು, ತೋಳು ಕೂರಿಸಲು ಕೂತಳು. ಮೊದಲ ಕೋಟಿನ ಎಡತೋಳು ಬೆಣ್ಣೆಯಂತೆ ಕೂತಿತು. ಬಲತೋಳು ಕೂರಲಿಲ್ಲ. ಹಿಂದೆ ಉಬ್ಬಬೇಕಾದ ಭಾಗ ಎದೆಯ ಮೇಲೆ ಉಬ್ಬಿತು. ಮೊಣಕೈ ಮುಂದಕ್ಕೆ ಬಗ್ಗಬೇಕಾದ್ದು ಹಿಂದಕ್ಕೆ ಬಗ್ಗಿತು. ಇನ್ನೊಂದು ತೋಳು ತೆಗೆದು ಹಿಡಿದು ನೋಡಿದಳು. ಅದೂ ಎಡದ್ದು. ರಾಶಿಯನ್ನೆಲ್ಲ ನೆಲದ ಮೇಲೆ ಸುರಿದು ಒಂದೊಂದೇ ಎತ್ತಿ ನೋಡಿದಳು. ಎಲ್ಲವೂ ಎಡತೋಳು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಹೊಸಬರೂ ಒಂದು ಕೋಟಿಗೆ ಮಾಡಿ ಬೈಸಿಕೊಂಡು ತಿದ್ದಿಕೊಳ್ಳುತ್ತಾರೆ, ಡಜನ್ನಿಗೆ ಮಾಡುವುದಿಲ್ಲ. ಹೇಗಾಯಿತು ಎಂದು ಮೇಜಿನ ಕಡೆ ನೋಡಿದಳು, ಆಗ ಗೊತ್ತಾಯಿತು.

ಆ ಅಂಗಡಿಯಲ್ಲಿ ಕತ್ತರಿಸುವ ಪದ್ಧತಿಯೇ ಬೇರೆ ಇತ್ತು. ದೊಡ್ಡ ಮೇಜು, ಈ ಕಡೆ ಅಕ್ಕ, ಆ ಕಡೆ ತಂಗಿ, ಮಧ್ಯೆ ಬಟ್ಟೆ. ಅಕ್ಕ ರಟ್ಟಿನ ಅಚ್ಚನ್ನಿಟ್ಟು ಸೀಮೆಸುಣ್ಣದ ಗೀಟು ಎಳೆದು ಎಡತೋಳು ಕತ್ತರಿಸುತ್ತಿದ್ದಳು. ಆಮೇಲೆ ಅಚ್ಚಿನ ಅಂಚು ಹಿಡಿದು ಹಾಳೆ ತಿರುವಿದಂತೆ ತಂಗಿಯ ಕಡೆಗೆ ಮಗುಚುತ್ತಿದ್ದಳು. ಬಿದ್ದ ಹಾಗೆಯೇ ಇಟ್ಟು ತಂಗಿ ಬಲತೋಳು ಕತ್ತರಿಸುತ್ತಿದ್ದಳು. ಅಚ್ಚನ್ನು ತಿರುಗಿಸಬೇಕು ಎಂದು ಇಬ್ಬರೂ ಎಂದೂ ನೆನಪಿಟ್ಟುಕೊಂಡಿರಲಿಲ್ಲ. ಕೊಡುವುದರಲ್ಲೇ ತಿರುಗುತ್ತಿತ್ತು. ಈಗ ಕೊಡಲು ಆ ಕಡೆ ಯಾರೂ ಇರಲಿಲ್ಲ. ಅವಳು ಅಚ್ಚನ್ನು ಪಕ್ಕಕ್ಕೆ ಸರಿಸಿದ್ದಳು, ಕತ್ತರಿಸಿದ್ದಳು, ಮತ್ತೆ ಸರಿಸಿದ್ದಳು. ತಲೆಯಲ್ಲಿ ರಜೆಯ ಚಿಂತೆ, ಕಿವಿಯಲ್ಲಿ ರೇಡಿಯೋ. ಕೈ ತನಗೆ ಗೊತ್ತಿದ್ದ ಅರ್ಧ ಕೆಲಸವನ್ನು ಮಾತ್ರ ಮಾಡುತ್ತ ಹೋಗಿತ್ತು.

ಮಖಮಲ್ಲಿನ ಥಾನಿನಲ್ಲಿ ಇನ್ನೂ ಬಟ್ಟೆ ಉಳಿದಿತ್ತು. ಹಿಡಿದು ಕತ್ತರಿಸಿದರೆ ಬಲತೋಳುಗಳಿಗೆ ಸಾಕಾಗುತ್ತಿತ್ತು, ಇನ್ನೊಂದು ತಪ್ಪಿಗೆ ಸಾಲುತ್ತಿರಲಿಲ್ಲ. ಕತ್ತರಿ ಎತ್ತಿದಳು. ಕೆಳಗಿಟ್ಟಳು. ಫೋನು ಎತ್ತಿ ತಂಗಿಯ ನಂಬರು ಒತ್ತಿದಳು.

"ಏನಕ್ಕಾ, ಇಷ್ಟು ಬೆಳಿಗ್ಗೆ?"

ಬಾ ಎನ್ನಬೇಕಿತ್ತು. ಒಂದೇ ಅಕ್ಷರ. ನಾಲಿಗೆಯ ತುದಿಗೂ ಬಂತು. ಆದರೆ ಇಷ್ಟು ದಿನ ಕರೆಯದವಳು ತೋಳು ಕೆಟ್ಟಾಗ ಕರೆದರೆ, ಆಳನ್ನು ಕರೆದ ಹಾಗಾಗುತ್ತದಲ್ಲ? ತಂಗಿ ಬಂದು ಕತ್ತರಿಸಿಕೊಟ್ಟು ಹೋಗುತ್ತಾಳೆ, ತನ್ನ ಮನೆ ತುಂಬ ಇರುವ ಜನದ ಹತ್ತಿರ ಹೋಗುತ್ತಾಳೆ.

"ಆ ಸಣ್ಣ ಸೂಜಿಗಳ ಪೊಟ್ಟಣ ಎಲ್ಲಿಟ್ಟಿದ್ದೆ?" ಎಂದು ಕೇಳಿದಳು.

"ಎರಡನೇ ಡ್ರಾಯರಲ್ಲಿ. ಯಾಕೆ ಅಕ್ಕ, ನಿನ್ನ ದನಿ ಒಂಥರಾ ಇದೆ?"

"ನೆಗಡಿ," ಎಂದು ಇಟ್ಟಳು.

ಕತ್ತರಿಯಕ್ಕನ ಜಂಬವನ್ನು ಹೊಗಳಲು ನನ್ನಿಂದಾಗದು. ಜಂಬಕ್ಕೆ ಊಟ ಹಾಕಬೇಕಾಗಿಲ್ಲ, ತಾನಾಗಿ ಬೆಳೆಯುತ್ತದೆ. ಸಾಕಿದವರು ಮಾತ್ರ ಸೊರಗುತ್ತಾರೆ. ಅವಳು ಮತ್ತೆ ನೆಲದ ಮೇಲೆ, ಎಡತೋಳುಗಳ ನಡುವೆ ಹೋಗಿ ಕೂತಳು. ಅವಳ ತಂಗಿಯ ಗಂಡ ಬಾಗಿಲಲ್ಲಿ ಬಂದು ನಿಂತಾಗಲೂ ಹಾಗೇ ಕೂತಿದ್ದಳು.

"ಅಕ್ಕಾ, ಒಳಗೆ ಬರಬಹುದಾ?"

"ಬಾಗಿಲಿರೋದು ಬರೋಕೇ ಅಲ್ವಾ ಡ್ರೈವರ್ರೇ," ಎಂದು ಎದ್ದಳು. ಮದುವೆಯಾದಾಗಿನಿಂದ ಅವನನ್ನು ಹಾಗೇ ಕರೆಯುತ್ತಿದ್ದಳು. ಮರ್ಯಾದೆಯೂ ಇರಬೇಕು, ದೂರವೂ ಇರಬೇಕು ಎಂದು.

ಅವನು ಒಳಗೆ ಬಂದ. ತೋಳುಗಳ ರಾಶಿಯನ್ನು ತುಳಿಯದೆ ಸುತ್ತಿ ಬಂದು ನಿಂತ. "ನಿಮ್ಮ ತಂಗಿ ದಾರ ತರೋಕೆ ಹೇಳಿದ್ಲು. ಪಕ್ಕದ ಅಂಗಡೀಲಿ ತಗೊಂಡೆ. ರಜೆಗೆ ನೀವು ನಮ್ಮ ಮನೆಗೆ ಬರ್ತೀರಂತೆ, ಆ ಅಂಗಡಿಯವರು ಹೇಳಿದ್ರು."

ಕತ್ತರಿಯಕ್ಕ ಬಗ್ಗಿ ನೆಲದ ಮೇಲಿನ ತೋಳುಗಳನ್ನು ಒಟ್ಟುಮಾಡತೊಡಗಿದಳು.

"ನಮಗೆ ನೀವು ಅವರ ಮನೆಗೆ ಹೋಗ್ತೀನಿ ಅಂದಿದ್ರಿ." ಅವನು ಬೇಜಾರಿನಿಂದ ಹೇಳಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವಂತೆ ಹೇಳಿದ. "ಎರಡು ಕಡೆನೂ ಹೋಗೋರು ಎಲ್ಲಿಗೂ ಹೋಗಲ್ಲ ಅಂತ ಅನ್ನಿಸ್ತು. ಅದಕ್ಕೇ ಬಂದೆ."

"ಬಸ್ ಓಡಿಸೋದು ಬಿಟ್ಟು ಪತ್ತೇದಾರಿಕೆ ಯಾವಾಗ ಶುರುಮಾಡಿದ್ರಿ?" ಎಂದಳು. ಹೇಳುತ್ತಲೇ ಅವಳ ಕಣ್ಣು, ಅಭ್ಯಾಸಬಲದಿಂದ, ಅವನ ಕೋಟಿನ ಮೇಲೆ ಬಿತ್ತು. ಬೂದು ಬಣ್ಣದ ಒರಟು ಬಟ್ಟೆಯ ಕೋಟು. ಹೊಲಿಗೆ ತಂಗಿಯದು, ಆ ಕಾಲರನ್ನು ಹಾಗೆ ಕೂರಿಸುವವರು ಬೇರೆ ಯಾರಿಲ್ಲ. ಬಲಗಡೆ ಸರಿಯಾಗಿತ್ತು. ಎಡಗಡೆ ಹೆಗಲ ಹತ್ತಿರ ಬಟ್ಟೆ ಗಂಟು ಕಟ್ಟಿದಂತೆ ನಿಂತಿತ್ತು.

"ಸ್ವಲ್ಪ ಬೆಳಕಿಗೆ ಬನ್ನಿ," ಎಂದಳು. "ಎಡಗೈ ಎತ್ತಿ."

ಅವನು ಎತ್ತಿದ. ಎದೆಯ ಎತ್ತರಕ್ಕೆ ಬಂದು ಕೈ ನಿಂತಿತು.

"ಇದು ಬಲತೋಳು," ಎಂದಳು ಕತ್ತರಿಯಕ್ಕ. "ಎರಡೂ ಬಲತೋಳು."

"ಹೌದಾ?" ಎಂದ ಅವನು. "ಗೇರ್ ಹಾಕುವಾಗ ಹಿಡಿಯುತ್ತೆ. ಏನೋ ಇದೆ ಅಂತ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ."

"ಯಾವಾಗ ಹೊಲಿದಳು?"

"ಮದುವೆ ಆದ ಹೊಸದರಲ್ಲಿ. ಊಟದ ಮೇಜಿನ ಮೇಲೆ ಬಟ್ಟೆ ಹಾಸ್ಕೊಂಡು, ಒಬ್ಬಳೇ. ಕತ್ತರಿಸಿ ಆದ್ಮೇಲೆ ಎದುರುಗಡೆ ಕುರ್ಚಿ ನೋಡ್ತಾ ಬಹಳ ಹೊತ್ತು ಕೂತಿದ್ಲು. ಹೊಲಿಯುವಾಗ ಕಣ್ಣು ಒರಸ್ಕೊಳ್ತಾ ಇದ್ಲು. ನಾನು ಏನೂ ಕೇಳಲಿಲ್ಲ. ಹಾಕ್ಕೊಂಡು ಚೆನ್ನಾಗಿದೆ ಅಂದೆ. ಅವತ್ತಿಂದ ಡ್ಯೂಟಿಗೆ ಇದೇ. ಅವಳ ಮುಂದೆ ಹೇಳಬೇಡಿ ಅಕ್ಕಾ."

ಕತ್ತರಿಯಕ್ಕ ಕೋಟಿನ ಆ ಗಂಟನ್ನು ಮತ್ತೊಮ್ಮೆ ನೋಡಿದಳು. ಇವಳು ಈ ಮನುಷ್ಯನನ್ನು ಕಳ್ಳ ಎಂದೇ ಇಷ್ಟು ದಿನ ಮನಸ್ಸಿನಲ್ಲಿ ಕರೆದಿದ್ದಳು, ನನ್ನ ತಂಗಿಯನ್ನು ಪ್ಯಾಂಟಿನ ಅಂಚು ತೋರಿಸಿ ಕದ್ದವನು ಎಂದು. ಆ ಕಳ್ಳ ಎತ್ತಲಾಗದ ಕೈಯಲ್ಲಿ ದಿನವೂ ಗೇರು ಹಾಕುತ್ತ, ತಂಗಿಯ ತಪ್ಪನ್ನು ತೊಟ್ಟುಕೊಂಡು ಊರೆಲ್ಲ ಓಡಾಡಿದ್ದ. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮೇಜಿನ ಆ ಕಡೆಯ ತಂಗಿಯ ಕೈಯೂ ತನ್ನ ಕೈಯಂತೆಯೇ ಅರ್ಧ ಕೆಲಸ ಮಾಡಿ ನಿಂತಿತ್ತು ಎಂದು ತಿಳಿದು ಎದೆ ಹಗುರಾಯಿತು.

"ನಿಮ್ಮ ಮನೆಗೆ ಜನ ಬರ್ತಾರಂತಲ್ಲ ರಜೆಗೆ," ಎಂದಳು.

"ಯಾರು?"

"ನಿಮ್ಮ ಅಣ್ಣನ ಮಕ್ಕಳು, ನಿಮ್ಮ ತಂಗಿ..."

ಅವನು ತಲೆ ಆಡಿಸಿದ. "ಯಾರೂ ಇಲ್ಲ. ರಜೇಲಿ ಬಸ್ಸಿನವರಿಗೆ ರಜೆ ಎಲ್ಲಿ? ಬೆಳಿಗ್ಗೆ ಹೋದ್ರೆ ನಾನು ಬರೋದು ರಾತ್ರಿನೇ. ಅವಳು ಒಬ್ಬಳೇ ಇರ್ತಾಳೆ. ಅಕ್ಕನ ಹತ್ರ ಹೋಗಿಬಾ ಅಂದ್ರೆ, ಕರೆದಿಲ್ಲ ಅಂತಾಳೆ." ನಂತರ ಗಡಿಯಾರ ನೋಡಿದ. "ನನ್ನ ಬಸ್ಸು ಮೂಲೇಲಿ ನಿಂತಿದೆ. ಹೊರಡೋ ಹೊತ್ತಾಯ್ತು."

"ಅದು ನಿಮ್ಮ ಮನೆ ಕಡೆಗೇ ಹೋಗುತ್ತಾ?"

"ಕೊನೇ ಸ್ಟಾಪು ಅದೇ."

ಕರೆಯುವುದು ಒಂದು ಮಾತಿನ ಕೆಲಸ, ಅದು ಕತ್ತರಿಯಕ್ಕನಿಂದ ಆಗಿರಲಿಲ್ಲ. ಕರೆಯದೆ ಹೋಗುವುದು ಅದಕ್ಕಿಂತ ಕಷ್ಟ. ಹೋದ ಮೇಲೆ ತಂಗಿ ಬಾಗಿಲಲ್ಲೇ ನಿಲ್ಲಿಸಿ, ಕರೆದಾಗ ಬಾ ಎಂದರೆ? ಅನ್ನುವ ಹಕ್ಕು ಅವಳಿಗಿತ್ತು. ಆದರೂ ಉಳಿದ ಮಖಮಲ್ಲು, ಅಚ್ಚು, ಕತ್ತರಿ, ಎಡತೋಳುಗಳು, ತೋಳಿಲ್ಲದ ಕೋಟುಗಳನ್ನೆಲ್ಲ ಒಂದು ಬೆಡ್‌ಷೀಟಿನಲ್ಲಿ ಗಂಟು ಕಟ್ಟಿದಳು. ಬ್ಯಾಂಡಿನ ಮೇಷ್ಟರಿಗೆ ಫೋನು ಮಾಡಿ, "ತೋಳು ತಪ್ಪು ಕತ್ತರಿಸಿದ್ದೀನಿ. ನಾಳೆ ಬೆಳಿಗ್ಗೆ ಆಗಲ್ಲ, ಮಧ್ಯಾಹ್ನ," ಎಂದಳು. ಆ ಕಡೆ ಮೇಷ್ಟರು ಏನಂದ್ರಿ ಎಂದು ಮತ್ತೊಮ್ಮೆ ಕೇಳಿದರು. ಕತ್ತರಿಯಕ್ಕ ತಪ್ಪು ಎನ್ನುವ ಪದ ಹೇಳಿದ್ದು ಅವರಿಗೆ ನಂಬಿಕೆಯಾಗಲಿಲ್ಲವೋ ಏನೋ. ಕೊನೆಗೆ, "ಸಂಜೆ ಒಳಗೆ ಸಿಕ್ಕರೆ ಸರಿ," ಎಂದರು.

ಷಟರು ಎಳೆಯುವಾಗ ಗುಂಡಿ ಅಂಗಡಿಯವಳು ತಲೆ ಹೊರಹಾಕಿದಳು. "ಇವತ್ತೇ ಹೊರಟ್ರಾ ಅಕ್ಕ, ತಂಗಿ ಮನೆಗೆ?"

"ಹೂಂ," ಎಂದಳು ಕತ್ತರಿಯಕ್ಕ. ಈ ಸಲ ಅದು ನಿಜವಾಗಿತ್ತು.

ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ಸು ತುಂಬ ಊರಿಗೆ ಹೊರಟವರ ಪೆಟ್ಟಿಗೆಗಳು, ಮಕ್ಕಳು, ಯಾರ ಮಡಿಲಲ್ಲಿ ಯಾರು ಕೂರಬೇಕು ಎಂಬ ಜಗಳ. ಪ್ರತಿ ಸಲ ಗೇರು ಬದಲಾಯಿಸುವಾಗ ಮುಂದಿನ ಎಡ ಹೆಗಲು ಕಿವಿಯವರೆಗೆ ಎದ್ದು ಬೀಳುತ್ತಿತ್ತು. ಅವಳು ಅದನ್ನೇ ನೋಡುತ್ತ ಹೋದಳು. ಕೊನೆಯ ಸ್ಟಾಪಿನ ಹೊತ್ತಿಗೆ ಬಸ್ಸಿನಲ್ಲಿ ಉಳಿದವಳು ಅವಳೊಬ್ಬಳೇ.

"ನೀಲಿ ಬಾಗಿಲು, ಮೂಲೆ ಮನೆ," ಎಂದ ಅವನು. "ನಾನು ಬರಲ್ಲ. ವಾಪಸ್ ಟ್ರಿಪ್ಪಿದೆ."

"ಕೋಟು ಬಿಚ್ಚಿ ಕೊಟ್ಟು ಹೋಗಿ, ಸರಿ ಮಾಡಿಡ್ತೀನಿ."

"ಬೇಡ ಅಕ್ಕಾ, ಚೆನ್ನಾಗಿದೆ," ಎಂದು ಬಸ್ಸು ತಿರುಗಿಸಿಕೊಂಡು ಹೋದ.

ನೀಲಿ ಬಾಗಿಲನ್ನು ತಟ್ಟುವ ಮೊದಲು ಕತ್ತರಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಗಿಲು ತೆರೆಯಿತು. ತಂಗಿ ಸ್ವಲ್ಪ ಇಳಿದುಹೋಗಿದ್ದಳು. ಅವಳ ಹಿಂದೆ ಒಂದು ಚೊಕ್ಕಟವಾದ ಕೋಣೆ, ಒಂದು ಊಟದ ಮೇಜು, ಮೇಜಿನ ಮೇಲೆ ಮುಚ್ಚಿಟ್ಟ ಒಂದೇ ತಟ್ಟೆ. ಕಾಲಿಡಲು ಜಾಗ ಬೇಕಾದಷ್ಟಿತ್ತು.

ತಂಗಿ ಅಕ್ಕನನ್ನು ನೋಡಿದಳು. ಗಂಟನ್ನು ನೋಡಿದಳು. ಗಂಟಿನ ಬಾಯಿಂದ ಒಂದು ಕೆಂಪು ತೋಳು ಹೊರಗೆ ಜೋಲುತ್ತಿತ್ತು.

"ತೋಳು ಕೆಟ್ಟಿತಾ?" ಎಂದಳು.

"ಕೆಟ್ಟಿತು. ಎಲ್ಲ ಎಡದ್ದೇ ಕತ್ತರಿಸಿದ್ದೀನಿ."

"ಅದಕ್ಕೆ ಬಂದ್ಯಾ." ತಂಗಿಯ ದನಿಯಲ್ಲಿ ನಗುವಿರಲಿಲ್ಲ. ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು. "ಕೊಡು, ಕತ್ತರಿಸಿಕೊಡ್ತೀನಿ. ಆದ್ರೆ ಒಂದು ಮಾತು ಅಕ್ಕ, ಈಗಲೇ ಹೇಳಿಬಿಡ್ತೀನಿ. ನಾನು ಮೊದಲಿನ ಹಾಗೆ ಆ ಮನೆಗೆ ವಾಪಸ್ ಬರಲ್ಲ. ನೀನು ಎಷ್ಟೇ ಮುನಿಸ್ಕೊಂಡ್ರೂ ಬರಲ್ಲ. ನನ್ನ ಮನೆ ಇದು."

ಈ ಮಾತಿಗೆ ಕತ್ತರಿಯಕ್ಕ ಇಷ್ಟು ತಿಂಗಳು ಹೆದರಿದ್ದಳು. ಕೇಳಿದ ಮೇಲೆ ನೋಡಿದರೆ, ತಾನು ಅಂದುಕೊಂಡಷ್ಟು ನೋಯಲಿಲ್ಲ. ನೋಯುತ್ತಿದ್ದದ್ದು ಬೇರೆ.

"ವಾಪಸ್ ಬಾ ಅಂತ ಬಂದಿಲ್ಲ ಕಣೆ," ಎಂದಳು. "ತೋಳು ಹಾಳಾಗಿ ಹೋಗಲಿ. ಆ ಕೋಣೇಲಿ ರಜೆಯೆಲ್ಲ ಒಬ್ಬಳೇ ಇರೋಕೆ ನನ್ನಿಂದ ಆಗಲ್ಲ. ಹೆದರಿಕೆ ಆಗುತ್ತೆ. ಗುಂಡಿ ಅಂಗಡಿಯವಳ ಮನೆಗೆ ಹೋಗ್ತೀನಿ ಅಂದದ್ದು ಸುಳ್ಳು. ನಾನು ಕರೀಬೇಕಿತ್ತು, ಕರೀಲಿಲ್ಲ. ಈಗ ನೀನು ಕರೀದೆ ಬಂದಿದ್ದೀನಿ. ನನ್ನನ್ನ ಸ್ವಲ್ಪ ದಿನ ಇಟ್ಕೊಳ್ತೀಯಾ?"

ತಂಗಿ ಅತ್ತಳು. ಕತ್ತರಿಯಕ್ಕ ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ದಿನಕ್ಕೆ ಸುಳ್ಳುಗಳು ಸಾಕಷ್ಟಾಗಿದ್ದವು. ಎದುರು ಮನೆಯ ಮುದುಕನೊಬ್ಬ ಜಗಲಿಯಿಂದ ಈ ಇಬ್ಬರನ್ನೂ, ನಡುವೆ ಬಿದ್ದಿದ್ದ ಗಂಟನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ನೋಡಿಕೊಳ್ಳಲಿ ಎಂದು ಅವರು ಸುಮ್ಮನೆ ಬಿಟ್ಟರು.

"ಅವರ ಕೋಟು ನೋಡಿದ್ಯಾ?" ಎಂದಳು ತಂಗಿ, ಮೂಗು ಒರೆಸಿಕೊಳ್ಳುತ್ತ.

"ನಿನಗೆ ಗೊತ್ತಾ?"

"ಮಾರನೇ ದಿನವೇ ಗೊತ್ತಾಯ್ತು. ಯಾಕೆ ಅಂತ ಹೇಳದೆ ಬಿಚ್ಚಿ ಕೊಡಿ ಅಂದ್ರೆ ಕೊಡಲ್ಲ. ಚೆನ್ನಾಗಿದೆ ಅಂತಾರೆ."

"ನನಗೂ ಅದನ್ನೇ ಹೇಳಿದ್ರು."

ಇಬ್ಬರೂ ನಕ್ಕರು. ಅಳು ಮುಗಿಯುವ ಮೊದಲೇ ಬಂದ ನಗು, ಅರ್ಧಕ್ಕೆ ಸಿಕ್ಕಿಕೊಂಡು ಕೆಮ್ಮಾಯಿತು. ತಂಗಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂರುವುದೋ ನಿಲ್ಲುವುದೋ ತಿಳಿಯದೆ, ಪರರ ಮನೆಗೆ ಬಂದವರಂತೆ ಗೋಡೆಗೆ ಒರಗಿ ನಿಂತಳು.

"ಎಷ್ಟು ದಿನ ಇರ್ತೀಯ?" ಎಂದು ಕೇಳಿದಳು ತಂಗಿ.

"ನೀನು ಹೋಗು ಅನ್ನೋವರೆಗೆ."

ತಂಗಿ ಕಿಟಕಿಯಿಂದ ಹೊರಗೆ ನೋಡಿ ಬಿಸಿಲು ಎಷ್ಟಿದೆ ಎಂದು ಅಂದಾಜು ಮಾಡಿದಳು.

"ಹಾಗಾದ್ರೆ ತೋಳಿಗೆ ಕೂರೋ ಮೊದಲು ಇನ್ನೊಂದು ಹಾಸಿಗೆ ಬಿಸಿಲಿಗೆ ಹಾಕ್ಬೇಕು. ಒಬ್ಬಳಿಂದ ಎತ್ತೋಕಾಗಲ್ಲ, ಆ ತುದಿ ಹಿಡ್ಕೋ ಬಾ," ಎಂದಳು.